ಹದಿನಾರು ಜೂಲಿನ ಬಂದೂಕು

ಇಂಗ್ಲೆಂಡಿನ ಬಂದೂಕಿನಂಗಡಿಯೊಂದಕ್ಕೆ ಹೋಗಿ, ಮೊಲ ಹೊಡೆಯಲು ಗಾಳಿ ತುಂಬಿಡುವ ಏರ್ ರೈಫಲ್ ಬೇಕು ಎಂದು ಕೇಳಿದರೆ ಗೋಡೆಗೆ ಸಾಲಾಗಿ ನಿಲ್ಲಿಸಿದ ಹತ್ತಾರು ರೈಫಲ್‌ಗಳನ್ನು ತೋರಿಸುತ್ತಾರೆ. ಒಂದರ ಬೆಲೆ ಇನ್ನೊಂದರ ಮೂರು ಪಟ್ಟು. ಒಂದಕ್ಕೆ ಅಕ್ರೋಟು ಮರದ ಹಿಡಿ, ಇನ್ನೊಂದಕ್ಕೆ ಪ್ಲಾಸ್ಟಿಕ್ಕಿನದು. ಒಂದು ಉದ್ದ, ಒಂದು ಗಿಡ್ಡ. ಆದರೆ ಶಕ್ತಿ ಮಾತ್ರ ಎಲ್ಲವಕ್ಕೂ ಹೆಚ್ಚುಕಡಿಮೆ ಒಂದೇ. ಮೂರು ಪಟ್ಟು ಹಣ ಕೊಟ್ಟವನ ಗುಂಡೂ ಅಗ್ಗದ ರೈಫಲಿನ ಗುಂಡಿಗಿಂತ ಜೋರಾಗಿ ಹೊಡೆಯುವುದಿಲ್ಲ.

ಇದಕ್ಕೆ ಕಾರಣ ಕಾನೂನು. 1969ರಲ್ಲಿ ಬಂದ ನಿಯಮದ ಪ್ರಕಾರ ನಳಿಗೆಯ ಬಾಯಲ್ಲಿ 12 ಅಡಿ-ಪೌಂಡ್, ಅಂದರೆ ಸುಮಾರು 16.3 ಜೂಲ್ ಮೀರಿದ ಏರ್ ರೈಫಲನ್ನು ನಿಜವಾದ ಬಂದೂಕೆಂದೇ ಲೆಕ್ಕ ಹಿಡಿಯುತ್ತಾರೆ. ಅದಕ್ಕೆ ಪೊಲೀಸರ ಪರವಾನಗಿ ಬೇಕು. ಅದರೊಳಗಿದ್ದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 18 ತುಂಬಿದವರು ಪರವಾನಗಿಯಿಲ್ಲದೆ ಕೊಳ್ಳಬಹುದು. ಸ್ಕಾಟ್ಲೆಂಡಿನಲ್ಲಿ ಹಾಗಲ್ಲ: 2016ರ ಡಿಸೆಂಬರ್ 31ರಿಂದ ಈ ಸಾಧಾರಣ ಏರ್ ಗನ್ನಿಗೂ ಅಲ್ಲಿ ಪ್ರಮಾಣಪತ್ರ ಬೇಕು.

ಹದಿನಾರು ಜೂಲ್ ಎಷ್ಟು? ಒಂದು ಕಿಲೋ ಆರುನೂರು ಗ್ರಾಂ ತೂಕದ ಕಲ್ಲನ್ನು ಒಂದು ಮೀಟರ್ ಎತ್ತರದಿಂದ ಕೈಬಿಟ್ಟರೆ ಅದು ನೆಲ ಮುಟ್ಟುವಾಗ ಇರುವ ಶಕ್ತಿ. ಮದ್ದಿನ ಬಂದೂಕುಗಳ ಪೈಕಿ ತೀರಾ ಚಿಕ್ಕದೆನಿಸಿದ ಟೂ-ಟೂ ರೈಫಲಿನ ಗುಂಡಿನಲ್ಲಿ ಇದರ ಎಂಟೊಂಬತ್ತು ಪಟ್ಟು ಇರುತ್ತದೆ. ಇಷ್ಟು ಕಡಿಮೆ ಶಕ್ತಿಯಿಂದ ಒಂದೂವರೆ ಕಿಲೋ ತೂಗುವ ಮೊಲವನ್ನು ನರಳಿಸದೆ ಕೊಲ್ಲಬೇಕಾದರೆ ಗುಂಡು ಅದರ ಕಣ್ಣು ಮತ್ತು ಕಿವಿಯ ನಡುವೆ, ಮಿದುಳಿರುವ ಜಾಗದಲ್ಲೇ ಬೀಳಬೇಕು. ಆ ಜಾಗದ ಅಗಲ ಎರಡೂವರೆ ಸೆಂಟಿಮೀಟರ್. ಮೂರು ಸೆಂಟಿಮೀಟರ್ ಆಚೆ ಬಿದ್ದರೆ ದವಡೆ ಒಡೆದ ಮೊಲ ಬಿಲ ಸೇರಿ ಎರಡು ದಿನ ಸಾಯುತ್ತದೆ.

ಹಾಗಾಗಿ ಅಂಗಡಿಯಲ್ಲಿ ನಿಂತವನು ಆರಿಸಬೇಕಾದ್ದು ಜೋರನ್ನಲ್ಲ; ನಿನ್ನೆ ಬಿದ್ದಲ್ಲೇ ಇವತ್ತೂ, ಮೊದಲ ಗುಂಡು ಬಿದ್ದಲ್ಲೇ ನಲವತ್ತನೆಯದೂ ಬೀಳುವ ಗುಣವನ್ನು. ಶಕ್ತಿಗೆ ಕಾನೂನು ಬೀಗ ಹಾಕಿದ್ದರಿಂದ ಬ್ರಿಟನ್ನಿನ ತಯಾರಕರಿಗೆ ಪೈಪೋಟಿ ನಡೆಸಲು ಉಳಿದದ್ದು ಇದೊಂದೇ. ಇಂಥ ಮಿತಿಯಿಲ್ಲದ ಮಾರುಕಟ್ಟೆಗಳಲ್ಲಿ ಡಬ್ಬದ ಮೇಲೆ ಸೆಕೆಂಡಿಗೆ 1200 ಅಡಿ ಎಂದು ದಪ್ಪಕ್ಷರದಲ್ಲಿ ಬರೆದು ಮಾರುವುದುಂಟು. ಅದು ಶಬ್ದದ ವೇಗಕ್ಕೂ ಮೇಲೆ. ಹಗುರ ಲೋಹದ ಪೆಲೆಟ್ (ಏರ್ ಗನ್ನಿನ ಪುಟ್ಟ ಗುಂಡು) ಹಾಕಿ ಒಮ್ಮೆ ಅಳೆದ ಅಂಕಿ ಅದು. ಆ ವೇಗದ ಆಸುಪಾಸಿನಲ್ಲಿ ಪೆಲೆಟ್ ತೂರಾಡುವುದರಿಂದ ಬೇಟೆಗೆ ಕಾಸಿನ ಪ್ರಯೋಜನವಿಲ್ಲ.

ನಮ್ಮ ಜಾತ್ರೆಗಳಲ್ಲಿ ಬಲೂನು ಹೊಡೆಯಲು ಕೊಡುವ ಏರ್ ಗನ್ ಬೇರೆ ಜಾತಿಯದು. ನಳಿಗೆಯನ್ನು ನಡು ಮುರಿದು ಬಗ್ಗಿಸಿದಾಗ ಒಳಗೊಂದು ದಪ್ಪ ಸ್ಪ್ರಿಂಗು ಮಡಚಿಕೊಂಡು ಕೂರುತ್ತದೆ. ಕುದುರೆ ಎಳೆದರೆ ಆ ಸ್ಪ್ರಿಂಗು ಒಂದು ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ, ಅದರೆದುರಿನ ಗಾಳಿ ಒತ್ತಿಕೊಂಡು ಪೆಲೆಟ್ಟನ್ನು ದೂಡುತ್ತದೆ. ತೊಂದರೆ ಏನೆಂದರೆ, ಪೆಲೆಟ್ ನಳಿಗೆ ಬಿಡುವ ಮುಂಚೆಯೇ ಕಾಲು ಕಿಲೋದಷ್ಟು ಉಕ್ಕು ಬಂದೂಕಿನೊಳಗೆ ಓಡಿ ಗಕ್ಕನೆ ನಿಂತಿರುತ್ತದೆ. ಬಂದೂಕು ಮೊದಲು ಹಿಂದಕ್ಕೆ, ಮರುಕ್ಷಣ ಮುಂದಕ್ಕೆ ಜಗ್ಗುತ್ತದೆ. ಹಿಡಿದ ಕೈ ಇವತ್ತು ಬಿಗಿ, ನಾಳೆ ಸಡಿಲ ಆದರೆ ಗುಂಡು ಬೀಳುವ ಜಾಗವೂ ಬದಲು. ಸ್ಪ್ರಿಂಗ್ ಬಂದೂಕಿನಲ್ಲಿ ಚೆನ್ನಾಗಿ ಗುರಿ ಹೊಡೆಯುವವರಿದ್ದಾರೆ, ಆದರೆ ಅದಕ್ಕೆ ವರ್ಷಗಟ್ಟಲೆ ಕೈ ಪಳಗಬೇಕು.

ಗಾಳಿಯನ್ನು ಮೊದಲೇ ತುಂಬಿಟ್ಟ ರೈಫಲಿನಲ್ಲಿ ಆ ಪಿಸ್ಟನ್ನೇ ಇಲ್ಲ. ನಳಿಗೆಯ ಕೆಳಗಿನ ಕೊಳವೆಯಲ್ಲೋ ಸೀಸೆಯಲ್ಲೋ 200 ಬಾರ್ ಒತ್ತಡದಲ್ಲಿ ಗಾಳಿ ಕಾದಿರುತ್ತದೆ. ಕಾರಿನ ಚಕ್ರದೊಳಗೆ ಇರುವುದು ಎರಡು ಬಾರ್ ಚಿಲ್ಲರೆ. ಕುದುರೆ ಎಳೆದಾಗ ವಾಲ್ವ್ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ತೆರೆದು ಮುಚ್ಚುತ್ತದೆ, ಅಷ್ಟೆ. ಒಂದು ಗ್ರಾಂ ಚಿಲ್ಲರೆಯ ಪೆಲೆಟ್ ಸೆಕೆಂಡಿಗೆ 176 ಮೀಟರ್ ವೇಗದಲ್ಲಿ ಹೊರಟರೆ ಮೂರೂವರೆ ಕಿಲೋ ತೂಕದ ರೈಫಲ್ ಹಿಂದಕ್ಕೆ ಸರಿಯುವ ವೇಗ ಸೆಕೆಂಡಿಗೆ ಸುಮಾರು 5 ಸೆಂಟಿಮೀಟರ್. ಪೆಲೆಟ್ ನಳಿಗೆಯೊಳಗಿರುವ ನಾಲ್ಕೈದು ಮಿಲಿಸೆಕೆಂಡಿನಲ್ಲಿ ರೈಫಲ್ ಕದಲುವುದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಕೈ ಪಳಗದವನ ಗುಂಡೂ ಗುರಿ ಮುಟ್ಟುವುದು ಇದರಿಂದ.

ತಂತ್ರವೇನೂ ಹೊಸದಲ್ಲ. 1780ರ ಸುಮಾರಿಗೆ ಬಾರ್ತೊಲೋಮಿಯಸ್ ಗಿರಾರ್ದೋನಿ ಎಂಬ ಕುಶಲಿ ಆಸ್ಟ್ರಿಯಾದ ಸೈನ್ಯಕ್ಕೆ ಇಂಥದೇ ರೈಫಲ್ ಮಾಡಿಕೊಟ್ಟಿದ್ದ. ಅದರ ಹಿಡಿಯೇ ಗಾಳಿಯ ಸಿಲಿಂಡರು, ತಿರುಪಿ ಕಳಚಿ ಬೇರೆಯದನ್ನು ಹಾಕಬಹುದಿತ್ತು. ಇಪ್ಪತ್ತು ಸೀಸದ ಗುಂಡುಗಳು ಪಕ್ಕದ ಕೊಳವೆಯಲ್ಲಿ ಸಾಲಾಗಿ ಕಾದಿರುತ್ತಿದ್ದವು. ಮದ್ದು ಕುಟ್ಟಿ, ಗುಂಡು ಇಳಿಸಿ ನಿಮಿಷಕ್ಕೆ ಮೂರು ಸಲ ಹೊಡೆಯುವುದೇ ಹೆಚ್ಚೆನ್ನುತ್ತಿದ್ದ ಕಾಲದಲ್ಲಿ ಹೊಗೆಯೂ ಇಲ್ಲದೆ ಒಂದಾದ ಮೇಲೊಂದು ಗುಂಡು ಹೊರಬರುವುದು ಎದುರಿನವರನ್ನು ಹೆದರಿಸಿರಬೇಕು. ಆದರೆ ಸಿಲಿಂಡರ್ ತುಂಬಲು ಕೈಪಂಪಿನಲ್ಲಿ ಸುಮಾರು 1500 ಸಲ ಒತ್ತಬೇಕಿತ್ತು. ತೊಗಲಿನ ವಾಷರುಗಳು ಒಣಗಿದರೆ ಗಾಳಿ ಸೋರುತ್ತಿತ್ತು. 1815ರ ಹೊತ್ತಿಗೆ ಸೈನ್ಯ ಅದನ್ನು ಕೈಬಿಟ್ಟಿತು.

ಅಮೆರಿಕದ ಪಶ್ಚಿಮ ತೀರ ತಲುಪಲು ಹೊರಟ ಮೆರಿವೆದರ್ ಲೂಯಿಸ್ ಬಳಿಯೂ ಒಂದು ಗಾಳಿ ಬಂದೂಕಿತ್ತು; ಅದು ಗಿರಾರ್ದೋನಿ ಮಾದರಿಯದೇ ಎಂಬುದು ಇಂದಿನ ಬಹುಪಾಲು ಸಂಶೋಧಕರ ಮತ. ಯಾತ್ರೆ ಶುರುವಾದ ದಿನವೇ, 1803ರ ಆಗಸ್ಟ್ 31ರಂದು, ಪಿಟ್ಸ್‌ಬರ್ಗಿನಿಂದ ಸ್ವಲ್ಪ ದೂರದ ನದಿದ್ವೀಪವೊಂದರಲ್ಲಿ ಅವನು ಅದನ್ನು ನೆರೆದವರಿಗೆ ಹೊಡೆದು ತೋರಿಸಿ, ಅಲ್ಲಿದ್ದ ಒಬ್ಬನ ಕೈಗೆ ಕೊಟ್ಟ. ಆತನಿಗೆ ಅದರ ರೀತಿ ಗೊತ್ತಿರಲಿಲ್ಲ. ಕೈತಪ್ಪಿ ಹಾರಿದ ಗುಂಡು ನಲವತ್ತು ಗಜ ದೂರದಲ್ಲಿ ನಿಂತಿದ್ದ ಹೆಂಗಸಿನ ಟೋಪಿಯನ್ನು ತೂರಿ ಕಣತಲೆಯನ್ನು ಸವರಿಕೊಂಡು ಹೋಯಿತು. ರಕ್ತ ಸುರಿಯುತ್ತ ಬಿದ್ದವಳು ಸತ್ತೇಹೋದಳೆಂದು ಎಲ್ಲರೂ ಗಾಬರಿಯಾದರು. ಪುಣ್ಯಕ್ಕೆ ಗಾಯ ಮೇಲುಮೇಲಿನದಾಗಿತ್ತು. ‘ಗಾಳಿ ಬಂದೂಕು ತಾನೆ’ ಎಂದು ಉದಾಸೀನ ಮಾಡುವವರಿಗೆ ನಾನು ಈ ಘಟನೆ ಹೇಳುತ್ತಿರುತ್ತೇನೆ.

ಗಿರಾರ್ದೋನಿಗೆ ಕೈಕೊಟ್ಟ ವಾಷರಿನ ಜಾಗಕ್ಕೆ ಇಪ್ಪತ್ತನೆಯ ಶತಮಾನ ರಬ್ಬರಿನ ಓ-ರಿಂಗ್ ತಂದಿತು, ಪಂಪಿನ ಜಾಗಕ್ಕೆ ಮುಳುಗುಗಾರರ ಸಿಲಿಂಡರ್ ತಂದಿತು. 1980ರ ದಶಕದಲ್ಲಿ ಇಂಗ್ಲೆಂಡಿನ ಡೇಸ್ಟೇಟ್ ಕಂಪನಿ ಹಂಟ್ಸ್‌ಮನ್ ಎಂಬ ರೈಫಲನ್ನು ಮಾರುಕಟ್ಟೆಗೆ ಬಿಟ್ಟಿತು. ಅದಕ್ಕೂ ಮುಂಚೆ ಆ ಕಂಪನಿ ಮಾಡುತ್ತಿದ್ದದ್ದು ಪ್ರಾಣಿಗಳಿಗೆ ಅರಿವಳಿಕೆ ಚುಚ್ಚುವ ಬಂದೂಕುಗಳನ್ನು. ಈಗ ಸಸೆಕ್ಸಿನ ಏರ್ ಆರ್ಮ್ಸ್, ಜರ್ಮನಿಯ ವೈರಾಖ್ ಹೀಗೆ ಹಲವರಿದ್ದಾರೆ. ಯಾರದು ಮೇಲು ಎಂಬ ಜಗಳಕ್ಕೆ ನಾನಿಲ್ಲ. ಆದರೆ ಎಲ್ಲರ ರೈಫಲಿನೊಳಗೂ ಇರುವ ಒಂದು ಚಿಕ್ಕ ವಾಲ್ವಿನ ವರ್ತನೆ ತಿಳಿದವನು ಅಂಗಡಿಯವನ ಮಾತಿಗೆ ಸುಲಭಕ್ಕೆ ಬೀಳುವುದಿಲ್ಲ.

ಗಾಳಿ ಹೆಚ್ಚು ತುಂಬಿದಷ್ಟೂ ಗುಂಡು ಜೋರಾಗಿ ಹೋಗಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಸಾದಾ ವಾಲ್ವಿನ ರೈಫಲಿನಲ್ಲಿ ಹಾಗಾಗುವುದಿಲ್ಲ, ಒಂದು ಹಂತದ ಮೇಲೆ ಉಲ್ಟಾ ಆಗುತ್ತದೆ. ಸಿಲಿಂಡರಿನ ಒಳಗಿನ ಗಾಳಿಯೇ ವಾಲ್ವನ್ನು ಒತ್ತಿ ಮುಚ್ಚಿ ಹಿಡಿದಿರುತ್ತದೆ. ವಾಲ್ವಿನ ಮುಚ್ಚಳ 6 ಮಿಲಿಮೀಟರ್ ಅಗಲದ್ದೆಂದು ಇಟ್ಟುಕೊಳ್ಳಿ. 200 ಬಾರ್ ಒತ್ತಡದಲ್ಲಿ ಅದರ ಮೇಲೆ ಬೀಳುವ ಬಲ ಐವತ್ತೇಳು ಕಿಲೋ ಭಾರಕ್ಕೆ ಸಮ. ಕುದುರೆ ಎಳೆದಾಗ ಸ್ಪ್ರಿಂಗಿನಿಂದ ಹಾರಿ ಬರುವ ಚಿಕ್ಕ ಸುತ್ತಿಗೆ ಈ ಮುಚ್ಚಳದ ಬಾಲಕ್ಕೆ ಬಡಿದು ಅದನ್ನು ಅರೆಕ್ಷಣ ತೆರೆಯಬೇಕು. ಒಳಗಿನ ಒತ್ತಡ ಹೆಚ್ಚಿದ್ದರೆ ಸುತ್ತಿಗೆಯ ಪೆಟ್ಟು ಸಾಲದೆ ವಾಲ್ವ್ ಸ್ವಲ್ಪವೇ ತೆರೆದು ಫಟ್ಟನೆ ಮುಚ್ಚಿಕೊಳ್ಳುತ್ತದೆ. ಗಾಳಿ ಕಡಿಮೆ ಬರುತ್ತದೆ, ಪೆಲೆಟ್ ನಿಧಾನವಾಗುತ್ತದೆ. ಹೊಡೆಯುತ್ತ ಹೋದಂತೆ ಒತ್ತಡ ಇಳಿಯುತ್ತದೆ, ವಾಲ್ವ್ ಹೆಚ್ಚು ಹೊತ್ತು ತೆರೆದಿರುತ್ತದೆ, ವೇಗ ಏರುತ್ತದೆ. ಒತ್ತಡ ಇಳಿದ ನಷ್ಟವನ್ನು ತೆರೆದಿರುವ ಕಾಲ ತುಂಬಿಕೊಡುತ್ತ ಒಂದಷ್ಟು ಗುಂಡುಗಳವರೆಗೆ ವೇಗ ಹೆಚ್ಚು ಬದಲಾಗದೆ ನಿಲ್ಲುತ್ತದೆ. ಆಮೇಲೆ ತುಂಬಿಕೊಡಲು ಆಗದೆ ಇಳಿಯುತ್ತ ಹೋಗುತ್ತದೆ. ಗ್ರಾಫಿನಲ್ಲಿ ಬರೆದರೆ ಮಧ್ಯೆ ಉಬ್ಬಿದ ಗೆರೆ.

ಈ ಉಬ್ಬಿನ ನೆತ್ತಿ ಎಷ್ಟು ಅಗಲ ಚಪ್ಪಟೆಯಾಗಿದೆ ಎಂಬುದೇ ಸಾದಾ ರೈಫಲಿನ ಯೋಗ್ಯತೆ. 200 ಬಾರ್ ತುಂಬಬಹುದೆಂದು ಮೈಮೇಲೆ ಕೆತ್ತಿದ್ದರೂ ಒಂದು ರೈಫಲ್ 185ರಿಂದ 110ರವರೆಗೆ ಮಾತ್ರ ಚೆನ್ನಾಗಿ ಹೊಡೆಯಬಹುದು. ಅದನ್ನು ತಿಳಿಯಲು ಒಂದೇ ದಾರಿ: ವೇಗ ಅಳೆಯುವ ಕ್ರೊನೋಗ್ರಾಫ್ ಎದುರಿಟ್ಟು, ತುಂಬಿದ ಸಿಲಿಂಡರನ್ನು ಖಾಲಿ ಮಾಡುತ್ತ ಪ್ರತಿ ಗುಂಡಿನ ವೇಗ ಬರೆದುಕೊಳ್ಳುವುದು. ಬೇಸರದ ಕೆಲಸ. ಆದರೆ ಕೊಂಡವನು ಮಾಡಲೇಬೇಕಾದ ಮೊದಲ ಕೆಲಸ ಅದು. ಅತಿಯಾಗಿ ತುಂಬಿದರೆ ಸುತ್ತಿಗೆ ಬಡಿದರೂ ವಾಲ್ವ್ ತೆರೆಯದೆ ಕಚ್ಚಿಕೊಂಡುಬಿಡುವುದೂ ಉಂಟು.

ದುಬಾರಿ ರೈಫಲುಗಳು ಈ ಉಬ್ಬನ್ನು ರೆಗ್ಯುಲೇಟರ್ ಹಾಕಿ ಸಪಾಟು ಮಾಡುತ್ತವೆ. ದೊಡ್ಡ ಸಿಲಿಂಡರಿಗೂ ವಾಲ್ವಿಗೂ ನಡುವೆ ಒಂದು ಚಿಕ್ಕ ಕೋಣೆ. ಬಟ್ಟಲಿನಂತೆ ಬಾಗಿದ ಉಕ್ಕಿನ ಬಿಲ್ಲೆಗಳನ್ನು ಪೇರಿಸಿದ ಸ್ಪ್ರಿಂಗು ಮತ್ತೊಂದು ಪುಟ್ಟ ಪಿಸ್ಟನ್ನು ಸೇರಿ, ಆ ಕೋಣೆಯ ಒತ್ತಡ ಗೊತ್ತುಮಾಡಿದ ಮಟ್ಟ ಮುಟ್ಟಿದ ಕೂಡಲೇ ದಾರಿ ಮುಚ್ಚುತ್ತವೆ. ಹಿಂದೆ 200 ಇರಲಿ 130 ಇರಲಿ, ವಾಲ್ವಿನ ಎದುರು ಪ್ರತಿಸಲವೂ ಅದೇ ಒತ್ತಡ. ಬೆಲೆಯ ಏರುಪೇರಿನಲ್ಲಿ ನ್ಯಾಯವಾದ ಭಾಗ ಯಾವುದು ಎಂದು ಕೇಳಿದರೆ ನಾನು ಇದನ್ನು ಮೊದಲು ಹೇಳುತ್ತೇನೆ, ನಳಿಗೆಯನ್ನು ಎರಡನೆಯದಾಗಿ. ಅಕ್ರೋಟು ಮರಕ್ಕೆ ಕೊಡುವ ಹಣ ಕಣ್ಣಿಗೆ ಕೊಡುವ ಹಣ. ಹಿಡಿಯ ಉದ್ದ ಮಾತ್ರ ಭುಜಕ್ಕೆ ಹೊಂದಬೇಕು, ಕೆನ್ನೆ ಇಟ್ಟಾಗ ಕಣ್ಣು ಸ್ಕೋಪಿನ, ಅಂದರೆ ಗುರಿ ನೋಡುವ ದುರ್ಬೀನಿನ, ನೇರಕ್ಕೆ ತಾನಾಗಿ ಬರಬೇಕು. ಅದನ್ನು ಅಂಗಡಿಯಲ್ಲೇ ಎತ್ತಿ ನೋಡಿದರೆ ಗೊತ್ತಾಗುತ್ತದೆ.

ಗಾಳಿ ತುಂಬುವುದು ಹೇಗೆ ಎಂಬುದನ್ನು ಕೊಳ್ಳುವವರು ಕಡೆಗೆ ಯೋಚಿಸುತ್ತಾರೆ, ಮೊದಲು ಯೋಚಿಸಬೇಕಾದ್ದು ಅದು. 200 ಮಿಲಿಲೀಟರಿನ ಸಿಲಿಂಡರನ್ನು 100ರಿಂದ 200 ಬಾರಿಗೆ ಏರಿಸಲು ಹೊರಗಿನ ಇಪ್ಪತ್ತು ಲೀಟರ್ ಗಾಳಿ ಬೇಕು. ಕೈಪಂಪಿನಲ್ಲಾದರೆ ನೂರರ ಆಸುಪಾಸು ಒತ್ತು, ಕೊನೆಯ ಮೂವತ್ತಕ್ಕೆ ಮೈಭಾರವೆಲ್ಲ ಹಾಕಬೇಕು. ಮುಳುಗುಗಾರರ 12 ಲೀಟರ್ ಸಿಲಿಂಡರನ್ನು 232 ಬಾರ್ ತುಂಬಿಸಿ ತಂದರೆ ಕಷ್ಟವಿಲ್ಲ, ನಲ್ಲಿ ತಿರುಗಿಸಿದರಾಯಿತು. ಆದರೆ ಅಲ್ಲೊಂದು ಲೆಕ್ಕವಿದೆ. ಪ್ರತಿಸಲ ಇಪ್ಪತ್ತು ಲೀಟರ್ ಕೊಟ್ಟಾಗ ದೊಡ್ಡ ಸಿಲಿಂಡರಿನ ಒತ್ತಡ ಒಂದೂಮುಕ್ಕಾಲು ಬಾರಿಗೆ ತುಸು ಕಡಿಮೆ ಇಳಿಯುತ್ತದೆ. ಹತ್ತೊಂಬತ್ತು ಸಲ ತುಂಬುವಷ್ಟರಲ್ಲಿ ಅದೇ 200ಕ್ಕೆ ಬಂದಿರುತ್ತದೆ. ಆಮೇಲೆ ರೈಫಲಿಗೆ 200 ಕೊಡಲು ಅದರ ಕೈಲಾಗದು, ಇನ್ನೂ ನೂರಕ್ಕೆ ಎಂಬತ್ತೈದು ಪಾಲು ಗಾಳಿ ಒಳಗಿದ್ದರೂ! 185 ಬಾರಿನಲ್ಲೇ ಚೆನ್ನಾಗಿ ಹೊಡೆಯುವ ರೈಫಲಿದ್ದರೆ ಅದೇ ಸಿಲಿಂಡರ್ ಇನ್ನೂ ಹಲವು ಸಲ ಒದಗುತ್ತದೆ. ಹೆಚ್ಚು ಒತ್ತಡ ತಡೆಯುತ್ತದೆ ಎಂಬ ಜಾಹೀರಾತಿಗಿಂತ ಕಡಿಮೆ ಒತ್ತಡದಲ್ಲಿ ಕೆಲಸ ಮಾಡುತ್ತದೆ ಎಂಬುದು ಒಳ್ಳೆಯ ಗುಣ. ಇದನ್ನು ಯಾವ ಕಂಪನಿಯೂ ದಪ್ಪಕ್ಷರದಲ್ಲಿ ಬರೆಯುವುದಿಲ್ಲ.

ಕೈಪಂಪಿನ ಇನ್ನೊಂದು ಹಿಂಸೆ ನೀರು. 20 ಡಿಗ್ರಿ ಉಷ್ಣತೆಯ, ನೂರಕ್ಕೆ ಅರವತ್ತು ಆರ್ದ್ರತೆಯ ಒಂದು ಘನ ಮೀಟರ್ ಗಾಳಿಯಲ್ಲಿ ಹತ್ತು ಗ್ರಾಂ ನೀರಾವಿ ಇರುತ್ತದೆ. ರೈಫಲಿನ ಖಾಲಿ ಸಿಲಿಂಡರನ್ನು 200 ಬಾರ್ ತುಂಬಲು ಬೇಕಾದ ನಲವತ್ತು ಲೀಟರಿನಲ್ಲಿ 0.4 ಗ್ರಾಂ, ಎಂಟು ಹನಿ. ಆದರೆ 200 ಮಿಲಿಲೀಟರ್ ಜಾಗ ಆವಿಯ ರೂಪದಲ್ಲಿ ಇಟ್ಟುಕೊಳ್ಳಬಲ್ಲದ್ದು ಮೂರು ನಾಲ್ಕು ಮಿಲಿಗ್ರಾಂ ಮಾತ್ರ. ಗಾಳಿಯನ್ನು ಎಷ್ಟು ಒತ್ತಿದರೂ ಆ ಮಿತಿ ಹಿಗ್ಗುವುದಿಲ್ಲ. ಉಳಿದದ್ದೆಲ್ಲ ಹನಿಯಾಗಲೇಬೇಕು. ಪಂಪಿನ ಬುಡದಲ್ಲಿ ಅದನ್ನು ಹಿಡಿಯುವ ಏರ್ಪಾಡು ಇರುತ್ತದೆ, ಪೂರಾ ಹಿಡಿಯುವುದಿಲ್ಲ. ಒತ್ತಿದ ಗಾಳಿ ಬಿಸಿಯೇರುವುದರಿಂದ ನೀರು ಆವಿಯಾಗಿಯೇ ದಾಟಿ, ಒಳಗೆ ಹೋಗಿ ತಣಿದ ಮೇಲೆ ಹನಿಯುತ್ತದೆ. ಹಾಗಾಗಿ ಸ್ವಲ್ಪ ಒತ್ತಿ, ಪಂಪು ತಣಿಯಲು ಬಿಟ್ಟು, ಬುಡದ ತಿರುಪು ಸಡಿಲಿಸಿ ನೀರು ಉಗುಳಿಸಿ, ಮತ್ತೆ ಒತ್ತಬೇಕು. ಅವಸರದವರ ರೈಫಲುಗಳು ಒಳಗಿಂದ ತುಕ್ಕು ಹಿಡಿಯುತ್ತವೆ.

ಅಪಾಯದ ಮಾತೂ ಒಂದಿದೆ. ಓ-ರಿಂಗ್ ಒಣಗಿದೆಯೆಂದು ಹೊಲಿಗೆ ಯಂತ್ರದ ಎಣ್ಣೆಯನ್ನೋ ಸಾದಾ ಗ್ರೀಸನ್ನೋ ಹಚ್ಚಬಾರದು. ಒತ್ತಡದ ಗಾಳಿ ಹಠಾತ್ತನೆ ನುಗ್ಗಿದಾಗ ಬಿಸಿಯಾಗಿ, ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಎಣ್ಣೆ ಹೊತ್ತಿಕೊಳ್ಳಬಹುದು. ಕೆಲಸಕ್ಕೆ ಬರುವುದು ಸಿಲಿಕೋನ್ ಗ್ರೀಸ್ ಒಂದೇ, ಅದೂ ಬೆರಳ ತುದಿಯಷ್ಟು.

ಇನ್ನು ನಳಿಗೆಯ ಅಳತೆ. ಇಂಗ್ಲೆಂಡಿನ ಬೇಟೆಗಾರರು ಇದರ ಮೇಲೆ ರಾತ್ರಿಯಿಡೀ ವಾದ ಮಾಡಬಲ್ಲರು. 4.5 ಮಿಲಿಮೀಟರಿನದು ಅವರ ಬಾಯಲ್ಲಿ ಒನ್ ಸೆವೆನ್ ಸೆವೆನ್, 5.5ರದು ಟೂ ಟೂ. ತುಪ್ಪಳದ ಪ್ರಾಣಿಗೆ ದಪ್ಪದ್ದು, ರೆಕ್ಕೆಯದಕ್ಕೆ ಸಣ್ಣದ್ದು ಎಂಬುದು ಹಳಬರ ಮಾತು. ಸ್ಪ್ರಿಂಗ್ ಬಂದೂಕಿನ ಕಾಲದ ಆ ಮಾತಿಗೆ ಈಗ ಅಷ್ಟೇನೂ ತೂಕವಿಲ್ಲ. 16 ಜೂಲನ್ನು ಅರ್ಧ ಗ್ರಾಂ ಚಿಲ್ಲರೆಯ ಸಣ್ಣ ಪೆಲೆಟ್ಟಿಗೆ ಕೊಟ್ಟರೆ ಅದು ಸೆಕೆಂಡಿಗೆ ಸುಮಾರು 240 ಮೀಟರ್ ಓಡುತ್ತದೆ. ಒಂದು ಗ್ರಾಮಿನ ದಪ್ಪದಕ್ಕೆ ಕೊಟ್ಟರೆ 176. ನಿಧಾನದ್ದು ಗುರಿ ಮುಟ್ಟುವಷ್ಟರಲ್ಲಿ ಭೂಮಿ ಅದನ್ನು ಹೆಚ್ಚು ಹೊತ್ತು ಎಳೆದಿರುತ್ತದೆ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೂ 30 ಮೀಟರ್ ಹೋಗುವಷ್ಟರಲ್ಲಿ ಸಣ್ಣದು ಏಳೂವರೆ ಸೆಂಟಿಮೀಟರ್ ಬಿದ್ದರೆ ದಪ್ಪದ್ದು ಹದಿನಾಲ್ಕು ಬಿದ್ದಿರುತ್ತದೆ.

ಬೀಳುವುದೇ ದೋಷವಲ್ಲ, ಅದನ್ನು ಮೊದಲೇ ಲೆಕ್ಕ ಹಿಡಿದು ಸ್ಕೋಪನ್ನು ಹೊಂದಿಸಬಹುದು. ದೋಷವಿರುವುದು ದೂರದ ಅಂದಾಜಿನಲ್ಲಿ. ಸಂಜೆಯ ಮಬ್ಬಿನಲ್ಲಿ, ಬೇಲಿಯಂಚಿನ ಹುಲ್ಲಿನಲ್ಲಿ ಕೂತ ಮೊಲ 30 ಮೀಟರಿನಲ್ಲಿದೆ ಎಂದುಕೊಂಡು ಹೊಡೆದಿರಿ, ಅದು ಇದ್ದದ್ದು 35ರಲ್ಲಿ. ದಪ್ಪ ಪೆಲೆಟ್ ಎರಡೂವರೆ ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಅಂದರೆ ಮಿದುಳಿನ ಜಾಗ ತಪ್ಪಿತು, ದವಡೆಗೆ ಬಿತ್ತು. ಸಣ್ಣ ಪೆಲೆಟ್ಟಾದರೆ ಒಂದು ಸೆಂಟಿಮೀಟರ್, ಜಾಗದೊಳಗೇ ಇದೆ. ಅದಕ್ಕೇ ನನ್ನ ಮತ ಸಣ್ಣದಕ್ಕೆ. ದಪ್ಪದ್ದು ಬಡಿದಾಗ ಹೆಚ್ಚು ಗಾಯ ಮಾಡುತ್ತದೆ ಎಂಬ ವಾದ ಸುಳ್ಳಲ್ಲ. ಆದರೆ ತಪ್ಪಿದ ಜಾಗದಲ್ಲಿ ಮಾಡಿದ ದೊಡ್ಡ ಗಾಯದಿಂದ ಮೊಲಕ್ಕೇನು ಲಾಭ? ಬಿಲದ ಬಾಯಿಯವರೆಗೆ ತೆವಳಿ, ಹದಿನೈದು ಮೀಟರಿಗೆ ಸಮೀಪಿಸಿ ಹೊಡೆಯುವ ಸಹನೆಯಿದ್ದವರಿಗೆ ಮಾತ್ರ ದಪ್ಪದ್ದೂ ಸರಿಯೇ.

ಹತ್ತಿರದಲ್ಲೂ ಮೋಸವಿದೆ. ಸ್ಕೋಪು ನಳಿಗೆಗಿಂತ ನಾಲ್ಕೂವರೆ ಸೆಂಟಿಮೀಟರ್ ಮೇಲೆ ಕೂತಿರುತ್ತದೆ. ಪೆಲೆಟ್ ನೋಟದ ಗೆರೆಗಿಂತ ಕೆಳಗಿಂದ ಹೊರಟು, ಅದನ್ನು ದಾಟಿ ಕೊಂಚ ಮೇಲೇರಿ, ಮತ್ತೆ ಇಳಿದು ಇನ್ನೊಮ್ಮೆ ದಾಟುತ್ತದೆ. ಸಣ್ಣ ಪೆಲೆಟ್ಟನ್ನು 30 ಮೀಟರಿಗೆ ಹೊಂದಿಸಿದರೆ ಸುಮಾರು 18ರಿಂದ 30ರವರೆಗೆ ಅದು ನೋಟದ ಗೆರೆಗೆ ಒಂದು ಸೆಂಟಿಮೀಟರಿನೊಳಗೇ ಅಂಟಿಕೊಂಡು ಹೋಗುತ್ತದೆ. ಅದೇ ಹೊಂದಿಕೆಯಲ್ಲಿ ಕೊಟ್ಟಿಗೆಯೊಳಗಿನ ಹೆಗ್ಗಣಕ್ಕೆ 8 ಮೀಟರಿನಿಂದ ಗುರಿಯಿಟ್ಟರೆ ಒಂದೂವರೆ ಎರಡು ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಅಷ್ಟು ಹತ್ತಿರದ್ದು ಹೇಗೆ ತಪ್ಪಿತೆಂದು ಹೊಸಬರು ಬಂದೂಕನ್ನೇ ತಿರುಗಿಸಿ ತಿರುಗಿಸಿ ನೋಡುತ್ತಾರೆ.

ಅಡ್ಡಗಾಳಿಯ ವಿಷಯದಲ್ಲಿ ಭೌತಶಾಸ್ತ್ರ ಇನ್ನೂ ವಿಚಿತ್ರ. ಪೆಲೆಟ್ ಹಾರುವ ಹೊತ್ತೆಲ್ಲ ಗಾಳಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ, ಆದ್ದರಿಂದ ಹಾರಾಟದ ಕಾಲಕ್ಕೂ ಗಾಳಿಯ ವೇಗಕ್ಕೂ ಗುಣಿಸಿದರೆ ಸರಿದ ದೂರ ಸಿಗಬೇಕು ಎಂದು ತೋರುತ್ತದೆ. ಗಾಳಿ ತುಸು ಜೋರಾಗಿದ್ದರೆ 30 ಮೀಟರಿಗೆ ಆ ಲೆಕ್ಕ ಅರ್ಧ ಮೀಟರಿಗೂ ಹೆಚ್ಚು ಬರುತ್ತದೆ. ನಿಜವಾಗಿ ಸರಿಯುವುದು ಕೆಲವೇ ಸೆಂಟಿಮೀಟರ್. ಲೆಕ್ಕಕ್ಕೆ ಬರುವುದು ಪೂರ್ತಿ ಹಾರಾಟದ ಕಾಲವಲ್ಲ, ಗಾಳಿಯ ತಡೆಯಿಂದ ಆದ ತಡ ಮಾತ್ರ. ನಿರ್ವಾತದಲ್ಲಿ ಹಾರಿದ್ದರೆ ಹಿಡಿಯುತ್ತಿದ್ದ ಕಾಲಕ್ಕಿಂತ ಎಷ್ಟು ಹೆಚ್ಚು ಹಿಡಿಯಿತೋ ಅದನ್ನು ಅಡ್ಡಗಾಳಿಯ ವೇಗದಿಂದ ಗುಣಿಸಬೇಕು. ವೇಗ ಕಳೆದುಕೊಳ್ಳದ ಪೆಲೆಟ್ಟನ್ನು ಗಾಳಿ ಅಲ್ಲಾಡಿಸಲಾರದು. ಆದರೆ ನಡು ಸಣ್ಣ, ಬಾಲ ಅಗಲ ಇರುವ ಏರ್ ಗನ್ನಿನ ಪೆಲೆಟ್ ಇರುವುದೇ ವೇಗ ಕಳೆದುಕೊಳ್ಳಲು. ಆ ಲಂಗದಂಥ ಬಾಲ ಗಾಳಿಗೆ ಸಿಕ್ಕಿ ಹಿಂದಕ್ಕೆ ಜಗ್ಗುವುದರಿಂದಲೇ ತಲೆ ನೇರ ಮುಂದಕ್ಕಿರುತ್ತದೆ. ಹಾಗಾಗಿ ಗಾಳಿ ಬೀಸುವ ದಿನ ಒಳ್ಳೆಯ ಬೇಟೆಗಾರ ಇನ್ನೂ ಹತ್ತು ಮೀಟರ್ ತೆವಳುತ್ತಾನೆ, ಇಲ್ಲವೇ ಮನೆಯಲ್ಲಿರುತ್ತಾನೆ.

ಅವರು ಹೊಡೆಯುವ ಮೊಲ ನಮ್ಮ ಹೊಲದಂಚಿನ ಮೊಲವಲ್ಲ. ನಮ್ಮದು ಒಂಟಿ, ಬಿಲ ತೋಡದೆ ಹುಲ್ಲಿನ ಮರೆಯಲ್ಲಿ ಮಲಗುವ ಜಾತಿ. ಯುರೋಪಿನದು ಗುಂಪುಗೂಡಿ ನೆಲ ಕೊರೆದು ಊರನ್ನೇ ಕಟ್ಟುವ, ಗೋಧಿಯ ಎಳೆ ಪೈರನ್ನು ಅಂಚಿನಿಂದ ಒಳಕ್ಕೆ ನುಣ್ಣಗೆ ಮೇಯುವ ಜಾತಿ. ಅವರು ಹೊಡೆಯುವ ಬೂದು ಅಳಿಲಿನ ಕಥೆ ಇನ್ನೊಂದು. ಉತ್ತರ ಅಮೆರಿಕದ ಆ ಅಳಿಲನ್ನು 1876ರಲ್ಲಿ ಚೆಷೈರಿನ ಹೆನ್‌ಬರಿ ತೋಟದಲ್ಲಿ ಚೆಂದಕ್ಕೆಂದು ಬಿಟ್ಟರು. ಅದು ಮರದ ತೊಗಟೆ ಸುಲಿಯುವುದಲ್ಲದೆ ತಾನು ತಾಳಿಕೊಳ್ಳುವ ಸಿಡುಬಿನಂಥ ವೈರಸ್ಸನ್ನು ಸ್ಥಳೀಯ ಕೆಂಪು ಅಳಿಲಿಗೆ ಅಂಟಿಸಿ ಇಂಗ್ಲೆಂಡಿನ ಬಹುಪಾಲಿನಿಂದ ಅದನ್ನು ಒರಸಿಹಾಕಿತು. ಹಿಡಿದ ಬೂದು ಅಳಿಲನ್ನು ಮತ್ತೆ ಕಾಡಿಗೆ ಬಿಡುವುದೇ ಅಲ್ಲಿ ಅಪರಾಧ. ಹಕ್ಕಿಗಳ ವಿಷಯದಲ್ಲಿ ಮಾತ್ರ ನಿಯಮ ಬಿಗಿ: ಕಾಡು ಪಾರಿವಾಳವನ್ನು ಬೆಳೆಹಾನಿ ತಡೆಯಲು ಸಾಮಾನ್ಯ ಪರವಾನಗಿಯ ಷರತ್ತಿನೊಳಗೆ ಮಾತ್ರ ಹೊಡೆಯಬಹುದು, ಜಮೀನಿನ ಒಡೆಯನ ಒಪ್ಪಿಗೆಯಂತೂ ಯಾವುದಕ್ಕೂ ಬೇಕೇಬೇಕು.

ನಮ್ಮಲ್ಲಿ ಈ ಆಯ್ಕೆಯ ಪ್ರಶ್ನೆಯೇ ಇಲ್ಲ. 4.5 ಮಿಲಿಮೀಟರಿನ, 20 ಜೂಲ್ ಮೀರದ ಏರ್ ರೈಫಲನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದು, ನಿಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಾರಿಯಲ್ಲಿರುವಾಗ ಅದನ್ನು ಹೆಗಲಿಗೇರಿಸಿ ಮಲೆನಾಡಿನಲ್ಲಿ ಮೊಲದ ಈಡಿಗೆ ಹೊರಟರೆ ಸೇರುವುದು ಜೈಲು. ಅಗ್ಗದ, ಸದ್ದಿಲ್ಲದ ಈ ಬಂದೂಕು ಏನು ಮಾಡಬಲ್ಲದೆಂದು ಅರುಣಾಚಲ ಪ್ರದೇಶ ಕಂಡಿದೆ. ಅಲ್ಲಿ ಹಕ್ಕಿಗಳು ವಿರಳವಾಗುತ್ತಿರುವುದನ್ನು ನೋಡಿ 2021ರಲ್ಲಿ ಪೂರ್ವ ಕಾಮೆಂಗ್ ಜಿಲ್ಲೆಯ ಲುಮ್ದುಂಗ್ ಗ್ರಾಮದಿಂದ ಏರ್ ಗನ್ ಒಪ್ಪಿಸುವ ಅಭಿಯಾನ ಶುರುವಾಯಿತು, ಜನ ತಾವಾಗಿ ತಂದು ಒಪ್ಪಿಸಿದರು. ಇದೇ ತಂತ್ರ ನಮ್ಮಲ್ಲಿ ಕಾನೂನುಬದ್ಧವಾಗಿ ಕೆಲಸ ಮಾಡುವುದು ಗುರಿ ಹೊಡೆಯುವ ಸಭಾಂಗಣಗಳಲ್ಲಿ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಹತ್ತು ಮೀಟರ್ ಸ್ಪರ್ಧೆಯಲ್ಲಿ ಬಳಸುವುದೂ ಗಾಳಿ ತುಂಬಿಟ್ಟ ರೈಫಲನ್ನೇ. ಶಕ್ತಿ ಮೊಲದ ರೈಫಲಿನ ಅರ್ಧಕ್ಕಿಂತ ಕಡಿಮೆ. ಗುರಿಯ ನಡುವಿನ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್.

ಇಂಗ್ಲೆಂಡಿನ ಅಂಗಡಿಗೆ ಮರಳೋಣ, ಪೆಲೆಟ್ಟಿನ ಡಬ್ಬಗಳ ಕಡೆಗೆ. ಒಂದೇ ತಯಾರಿಕೆಯ, ಒಂದೇ ದಿನ ಹೊರಬಂದ ಎರಡು ನಳಿಗೆಗಳು ಒಂದೇ ಪೆಲೆಟ್ಟನ್ನು ಇಷ್ಟಪಡಬೇಕೆಂದಿಲ್ಲ. ನಳಿಗೆಯೊಳಗಿನ ಸುರುಳಿ ಗೀರುಗಳಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗದ ವ್ಯತ್ಯಾಸವಿದ್ದರೂ ಮೆತ್ತನೆಯ ಸೀಸದ ಬಾಲಕ್ಕೆ ಅದು ತಿಳಿಯುತ್ತದೆ. ಆದ್ದರಿಂದ ನಾಲ್ಕೈದು ಬಗೆಯ ಡಬ್ಬ ತಂದು, ಮರಳಿನ ಚೀಲದ ಮೇಲೆ ರೈಫಲ್ ಇಟ್ಟು, 30 ಮೀಟರಿನಲ್ಲಿ ಕಾಗದ ಕಟ್ಟಿ ಪ್ರತಿಯೊಂದರಲ್ಲೂ ಹತ್ತು ಹೊಡೆಯಬೇಕು. ಎರಡೂವರೆ ಸೆಂಟಿಮೀಟರಿನೊಳಗೆ ಹತ್ತೂ ಬೀಳದ ಪೆಲೆಟ್ ಬೇಟೆಗಲ್ಲ. ಎಲ್ಲ ಬಗೆಯೂ ಚೆದುರಿದರೆ ತಪ್ಪು ಪೆಲೆಟ್ಟಿನದಲ್ಲ, ಹಿಡಿದವನದೋ ರೈಫಲಿನದೋ ಇರಬೇಕು. ಬೇರೆ ಯಾರಿಗಾದರೂ ಕೊಟ್ಟು ಹೊಡೆಸಿದರೆ ತಿಳಿದುಹೋಗುತ್ತದೆ.

ಪೆಲೆಟ್ ಬದಲಿಸುವಾಗ ಕಾನೂನಿನ ಒಂದು ಉರುಳೂ ಇದೆ. ಸ್ಪ್ರಿಂಗ್ ಬಂದೂಕು ಸಾಮಾನ್ಯವಾಗಿ ಹಗುರ ಪೆಲೆಟ್ಟಿನಲ್ಲಿ ಹೆಚ್ಚು ಶಕ್ತಿ ತೋರಿದರೆ, ಗಾಳಿ ತುಂಬಿದ ರೈಫಲಿನ ಸ್ವಭಾವ ತದ್ವಿರುದ್ಧ. ಭಾರದ ಪೆಲೆಟ್ ನಳಿಗೆಯಲ್ಲಿ ನಿಧಾನವಾಗಿ ಸಾಗುವುದರಿಂದ ಬೆನ್ನಹಿಂದಿನ ಗಾಳಿಗೆ ಅದನ್ನು ದೂಡಲು ಹೆಚ್ಚು ಹೊತ್ತು ಸಿಗುತ್ತದೆ. ಹಗುರ ಪೆಲೆಟ್ಟಿನಲ್ಲಿ 15.5 ಜೂಲ್ ತೋರಿಸಿದ್ದ ರೈಫಲ್ ಭಾರದ್ದನ್ನು ಹಾಕಿದ ಕೂಡಲೇ 16.3ರ ಗೆರೆ ದಾಟಬಹುದು. ತಿರುಪೊಂದನ್ನೂ ಮುಟ್ಟದ ಒಡೆಯ ಆ ಕ್ಷಣಕ್ಕೆ ಪರವಾನಗಿಯಿಲ್ಲದ ಬಂದೂಕು ಇಟ್ಟುಕೊಂಡವನಾಗುತ್ತಾನೆ. ‘ನನಗೆ ಗೊತ್ತಿರಲಿಲ್ಲ’ ಎಂದರೆ ಅಲ್ಲಿನ ನ್ಯಾಯಾಲಯ ಕೇಳುವುದಿಲ್ಲ. ಅದಕ್ಕೇ ತಯಾರಕರು ಮಿತಿಗಿಂತ ತುಸು ಕೆಳಗೇ ರೈಫಲನ್ನು ಹೊಂದಿಸಿ ಕಳಿಸುತ್ತಾರೆ. ಪಳಗಿದ ಬೇಟೆಗಾರರು ಹೊಸ ಡಬ್ಬ ಒಡೆದಾಗ ಮೊದಲ ಐದಾರು ಪೆಲೆಟ್ಟುಗಳನ್ನು ಕಾಗದಕ್ಕಲ್ಲ, ಕ್ರೊನೋಗ್ರಾಫಿನ ಎದುರು ಹೊಡೆಯುತ್ತಾರೆ.